ಹಾಸ್ಟೆಲ್ ಹುಡುಗಿಯ ದೂರು ಯಾರ ಕೈಗೆ?

(ವಿದ್ಯಾರ್ಥಿನಿಲಯಗಳ ಯುವಜನರ ಸಭೆಯಲ್ಲಿ ಆಡಿದ ಮಾತು)



ಜಾತಿ ಹಿಡಿದು ಬೈದರೆ ನಾವು ತಟ್ಟನೆ ಎದ್ದು ನಿಲ್ಲುತ್ತೇವೆ. ಕರಪತ್ರ ಹಂಚುತ್ತೇವೆ, ಧರಣಿ ಕೂರುತ್ತೇವೆ. ಅದೇ ನಮ್ಮ ಹುಡುಗಿಯೊಬ್ಬಳು ‘ಮೇಷ್ಟ್ರು ಲ್ಯಾಬಿನಲ್ಲಿ ಮೈಮುಟ್ಟಿದರು’ ಅಂದರೆ ‘ಮಾನದ ಪ್ರಶ್ನೆ, ಮೆತ್ತಗೆ ಮುಗಿಸಿ’ ಅಂತೀವಿ. ಯಾರ ಮಾನ? ಇಂಟರ್ನಲ್ ಮಾರ್ಕ್ಸು ಅವನ ಕೈಲಿದೆ. ಊರಿಗೆ ಸುದ್ದಿ ಮುಟ್ಟಿದರೆ ಅಪ್ಪ ಅವ್ವ ಬಂದು ಟ್ರಂಕು ಹೊತ್ತು ಕರಕೊಂಡು ಹೋಗ್ತಾರೆ, ಕೂಲಿಗೋ ಮದುವೆಗೋ. ಅವನು ಪಾಠ ಹೇಳುತ್ತಲೇ ಇರುತ್ತಾನೆ.

ಇವತ್ತಿನ ಕಾನೂನು ಯಾವ ಕುಲಪತಿಯ ದಯೆಯಿಂದಲೂ ಬಂದದ್ದಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ ಕುಂಬಾರರ ಹೆಣ್ಣುಮಗಳು. ಸರ್ಕಾರದ ಕೆಲಸವಾಗಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಮೇಲ್ಜಾತಿಯವರು ಅವಳ ಮೇಲೆ ಅತ್ಯಾಚಾರ ಮಾಡಿದರು ಎಂಬ ದೂರು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿಯ ಹೆಣ್ಣನ್ನು ಮುಟ್ಟಿ ಮೈಲಿಗೆಯಾಗುತ್ತಾರೆಯೇ ಎಂಬಂಥ ತರ್ಕ ಅಲ್ಲಿ ನಡೆಯಿತು! (ಬಾವಿ ಹತ್ತಿರ ಇರುವ ಮೈಲಿಗೆ ಕತ್ತಲಲ್ಲಿ ಎಲ್ಲಿ ಹೋಗುತ್ತೋ ನಮ್ಮ ಕೇರಿಯ ಹೆಂಗಸರಿಗೆ ಗೊತ್ತು.) ಅವಳ ಮೇಲಾದ ದೌರ್ಜನ್ಯದ ಬೆನ್ನಿಗೇ, 1992ರಲ್ಲೇ, ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯಿದೆ ಬಂತು, ಕಾಲೇಜುಗಳಿಗೆಂದೇ ಯುಜಿಸಿಯ 2015ರ ನಿಯಮ ಬಂತು.

ಈ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಅಧ್ಯಾಪಕಿಯೇ ಅಧ್ಯಕ್ಷೆ, ಅರ್ಧಕ್ಕೆ ಕಡಿಮೆ ಇಲ್ಲದಂತೆ ಹೆಂಗಸರು, ಹೊರಗಿನವರೊಬ್ಬರು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತ ವಿದ್ಯಾರ್ಥಿಗಳು ಮೂವರು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇವರು ಅದರಲ್ಲಿ ಕೂರುವಂತಿಲ್ಲ. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತೆ. ಬರೆಯಲಾಗದಿದ್ದರೆ ಬರೆದುಕೊಡುವುದು ಸಮಿತಿಯ ಕೆಲಸ. 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಹೆಸರು ಹೊರಗೆ ಬರಕೂಡದು. ದುಡ್ಡು ಕೊಟ್ಟು ರಾಜಿ ಮಾಡಿಸುವಂತಿಲ್ಲ. ಇನ್ನೊಂದು ಮಾತು ಚೆನ್ನಾಗಿ ಕೇಳಿಸಿಕೊಳ್ಳಿ: ವಿಚಾರಣೆ ನಡೆಯುವಾಗ ಆ ಮೇಷ್ಟ್ರು ಅವಳ ಪೇಪರ್ ತಿದ್ದದಂತೆ, ಮಾರ್ಕ್ಸ್ ಹಾಕದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಮಾರ್ಕ್ಸಿನ ಭಯಕ್ಕೆ ಬಾಯಿ ಮುಚ್ಚಿದವರಿಗೆ ಇದನ್ನು ಯಾರೂ ಹೇಳಿರೋದಿಲ್ಲ.

ಸಮಿತಿಗೆ ಕೊಟ್ಟ ಮಾತ್ರಕ್ಕೆ ಪೊಲೀಸರ ದಾರಿ ಮುಚ್ಚುವುದಿಲ್ಲ. ದಲಿತ ಹುಡುಗಿಗೆ ದಲಿತೇತರನು ಮಾಡಿದ ಲೈಂಗಿಕ ಕಿರುಕುಳಕ್ಕೆ 1989ರ ದೌರ್ಜನ್ಯ ತಡೆ ಕಾಯಿದೆಯೂ ಇದೆ. ಸಮ್ಮತಿಯಿಲ್ಲದೆ ಮುಟ್ಟುವುದು, ಅಶ್ಲೀಲ ಮಾತು, ಸನ್ನೆ ಎಲ್ಲ 2015ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಸೇರಿವೆ. ‘ಮೊದಲು ವಿಚಾರಿಸಿ ನೋಡ್ತೀವಿ’ ಅಂತ ಎಫ್‌ಐಆರ್ ಮುಂದೂಡುವಂತಿಲ್ಲ ಎಂದು 2018ರ ತಿದ್ದುಪಡಿ ಹೇಳುತ್ತದೆ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ತಗೊಳ್ಳಿ.

ಇನ್ನು ಹಾಸ್ಟೆಲಿನ ಹುಡುಗರೆ, ನಿಮಗೊಂದು ಮಾತು. ಮಾಡಿದವನು ನಮ್ಮವನೇ ಆಗಿದ್ದರೆ? ‘ಸಂಘಟನೆಗೆ ಕೆಟ್ಟ ಹೆಸರು’ ಅಂತ ಹೇಳಿ ಅವಳ ಬಾಯಿ ಮುಚ್ಚಿಸುವವನಿಗೂ ಊರ ಗೌಡನಿಗೂ ನಾವು ವ್ಯತ್ಯಾಸ ಕಾಣೆವು. ಮೆಸ್ಸಿನಲ್ಲಿ ಕೂತು ಅವಳ ನಡತೆಯ ಲೆಕ್ಕ ಹಾಕುವುದನ್ನು ಇವತ್ತೇ ಬಿಡಿ. ಅವಳು ಕರೆದರೆ ಜೊತೆಗೆ ನಡೆಯಿರಿ. ಕರೆಯದೆ ಅವಳ ಹೆಸರು ಹಿಡಿದು ಘೋಷಣೆ ಕೂಗಬೇಡಿ.

ನಾಳೆ ನಿಮ್ಮ ಕಾಲೇಜಿನ ನೋಟೀಸ್ ಬೋರ್ಡ್ ನೋಡಿ. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರು ಇದೆಯೇ? ಇಲ್ಲದಿದ್ದರೆ ಪ್ರಿನ್ಸಿಪಾಲರಿಗೆ ಹತ್ತು ಜನ ಸಹಿ ಹಾಕಿದ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಮುಂದಿನ ಸಭೆಗೆ ತನ್ನಿ.

ಜೈ ಭೀಮ್.