ಸೇತುವೆಯಿಲ್ಲದ ಸೇತುವೆ ಯುದ್ಧ



ಇವತ್ತು 'ಬ್ರೇವ್‌ಹಾರ್ಟ್' ಸಿನಿಮಾದ ಬಗ್ಗೆ ಮಾತಾಡೋಣ. ಅದರಲ್ಲೂ, ಆ ಸಿನಿಮಾದಲ್ಲಿ ಇರಲೇಬೇಕಾಗಿದ್ದು ಇಲ್ಲದೇ ಹೋದ ಒಂದು ಮರದ ಸೇತುವೆಯ ಬಗ್ಗೆ.

ಸಿನಿಮಾ ತೆರೆಕಂಡದ್ದು 1995ರಲ್ಲಿ. ನಿರ್ದೇಶಕ ಮೆಲ್ ಗಿಬ್ಸನ್, ನಾಯಕನೂ ಅವನೇ. ಮರುವರ್ಷ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಸೇರಿ ಐದು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಬಂದವು. ಕಥೆ ಹದಿಮೂರನೇ ಶತಮಾನದ ಸ್ಕಾಟ್ಲೆಂಡಿನದು. ವಿಲಿಯಂ ವಾಲೇಸ್ ಎಂಬ ಹಳ್ಳಿ ಹುಡುಗ ಗುಟ್ಟಾಗಿ ಮದುವೆಯಾಗುತ್ತಾನೆ. ಇಂಗ್ಲಿಷ್ ಅಧಿಕಾರಿ ಆ ಹೆಂಡತಿಯ ಕತ್ತು ಕೊಯ್ಯುತ್ತಾನೆ. ವಾಲೇಸ್ ಸೇಡಿಗೆ ನಿಲ್ಲುತ್ತಾನೆ, ಸೇಡು ದಂಗೆಯಾಗುತ್ತದೆ, ದಂಗೆ ಯುದ್ಧವಾಗುತ್ತದೆ. ಕೊನೆಗೆ ಹಿಂಸೆಯ ಹಲಗೆಯ ಮೇಲೆ ಮಲಗಿ 'ಸ್ವಾತಂತ್ರ್ಯ' ಎಂದು ಕೂಗಿ ಪ್ರಾಣ ಬಿಡುತ್ತಾನೆ. ನೋಡಿದವರು ಆ ಕೂಗನ್ನು ಮರೆಯುವುದು ಕಷ್ಟ.

ಸಿನಿಮಾದ ನಡುಭಾಗದಲ್ಲಿ ಸ್ಟರ್ಲಿಂಗ್ ಯುದ್ಧ ಬರುತ್ತದೆ. ವಿಶಾಲವಾದ ಹಸಿರು ಬಯಲು. ಈ ಕಡೆ ಮುಖಕ್ಕೆ ನೀಲಿ ಬಳಿದುಕೊಂಡ ಸ್ಕಾಟರು, ಆ ಕಡೆ ಕಬ್ಬಿಣ ತೊಟ್ಟ ಇಂಗ್ಲಿಷ್ ಕುದುರೆ ಸವಾರರು. ಕುದುರೆಗಳು ನುಗ್ಗಿ ಬರುತ್ತವೆ. ವಾಲೇಸ್ ತಡೆಯುತ್ತಾನೆ, ಇನ್ನೂ ತಡೆಯುತ್ತಾನೆ. ಕುದುರೆಯ ಬಾಯಿಯ ನೊರೆ ಕಾಣುವಷ್ಟು ಹತ್ತಿರ ಬಂದಾಗ ಸ್ಕಾಟರು ನೆಲದ ಮೇಲಿದ್ದ ಚೂಪು ಗಳುಗಳನ್ನು ಒಟ್ಟಿಗೆ ಎತ್ತಿ ಹಿಡಿಯುತ್ತಾರೆ. ಮೈ ಜುಮ್ಮೆನ್ನುವ ದೃಶ್ಯ. ಚಿತ್ರೀಕರಣ ನಡೆದದ್ದು ಐರ್ಲೆಂಡಿನ ಬಯಲಲ್ಲಿ. ಬಡಿದಾಡಿದವರಲ್ಲಿ ಬಹಳ ಮಂದಿ ಐರಿಷ್ ಸೇನೆಯ ಮೀಸಲು ಸೈನಿಕರು.

ಚರಿತ್ರೆಯಲ್ಲಿ ಈ ಕಾಳಗದ ಹೆಸರು 'ಸ್ಟರ್ಲಿಂಗ್ ಸೇತುವೆಯ ಯುದ್ಧ'. ಸಿನಿಮಾದಲ್ಲಿ ಸೇತುವೆ ಇಲ್ಲ. ನದಿಯೂ ಇಲ್ಲ. ಈ ಬಗ್ಗೆ ಒಂದು ಕಥೆ ಓಡಾಡುತ್ತದೆ, ನಿಜವೋ ಕಟ್ಟಿದ್ದೋ. ಸೇತುವೆ ಎಲ್ಲಿ ಎಂದು ಸ್ಥಳೀಯನೊಬ್ಬ ಗಿಬ್ಸನ್‌ನನ್ನು ಕೇಳಿದನಂತೆ. ಚಿತ್ರೀಕರಣಕ್ಕೆ ಅಡ್ಡಬರುತ್ತಿತ್ತು ಎಂದನಂತೆ ಗಿಬ್ಸನ್. ಹೌದು ಸ್ವಾಮಿ, ಅವತ್ತು ಇಂಗ್ಲಿಷರಿಗೂ ಅದೇ ತೊಂದರೆಯಾಗಿತ್ತು ಎಂದನಂತೆ ಸ್ಥಳೀಯ.

ನಗೆಮಾತಿನ ಒಳಗೆ ಇಡೀ ಯುದ್ಧದ ಸಾರವಿದೆ. ಅದನ್ನು ಹೇಳುವ ಮುನ್ನ ಜಗಳ ಹೇಗೆ ಹತ್ತಿಕೊಂಡಿತು ಎಂದು ನೋಡೋಣ.

ಸಿನಿಮಾ 1280ರಲ್ಲಿ ಶುರುವಾಗುತ್ತದೆ. ರಾಜ ಗಂಡುಮಕ್ಕಳಿಲ್ಲದೆ ಸತ್ತ, ಇಂಗ್ಲೆಂಡಿನ ಎಡ್ವರ್ಡ್ ಆಗಲೇ ದೇಶ ಕಬಳಿಸಿದ ಎನ್ನುತ್ತದೆ. ನಿಜಕ್ಕೂ 1280ರಲ್ಲಿ ಮೂರನೇ ಅಲೆಕ್ಸಾಂಡರ್ ಬದುಕಿದ್ದ, ದೇಶ ನೆಮ್ಮದಿಯಾಗಿತ್ತು. 1286ರ ಮಾರ್ಚ್ ತಿಂಗಳ ಬಿರುಗಾಳಿಯ ರಾತ್ರಿ, ಹೊಸ ರಾಣಿಯನ್ನು ನೋಡಲು ಕುದುರೆ ಏರಿ ಹೊರಟ ರಾಜ ದಾರಿಯಲ್ಲಿ ಬಿದ್ದು ಸತ್ತ. ಉಳಿದವಳು ನಾರ್ವೆಯಲ್ಲಿದ್ದ ಪುಟ್ಟ ಮೊಮ್ಮಗಳು. 1290ರಲ್ಲಿ ಅವಳೂ ಸ್ಕಾಟ್ಲೆಂಡಿಗೆ ಬರುವ ದಾರಿಯಲ್ಲೇ ತೀರಿಕೊಂಡಳು. ಸಿಂಹಾಸನ ನನ್ನದು ಎಂದು ಹತ್ತಾರು ಜನ ಎದ್ದರು. ತೀರ್ಪು ಹೇಳಲು ಸ್ಕಾಟರು ಕರೆದದ್ದು ನೆರೆಯ ರಾಜ ಎಡ್ವರ್ಡ್‌ನನ್ನು. ಅವನು ಪಂಚಾಯಿತಿಗೆ ಕೂರುವ ಮೊದಲು ತಾನೇ ಎಲ್ಲರಿಗೂ ಒಡೆಯ ಎಂದು ಒಪ್ಪಿಸಿಕೊಂಡ.

1292ರಲ್ಲಿ ಜಾನ್ ಬೇಲಿಯಲ್ ರಾಜನಾದ. ಎಡ್ವರ್ಡ್ ಅವನನ್ನು ಆಳಿನಂತೆ ನಡೆಸಿಕೊಂಡ. ಸ್ಕಾಟರು ಫ್ರಾನ್ಸಿನ ಜೊತೆ ಕೈಜೋಡಿಸಿದಾಗ, 1296ರಲ್ಲಿ ದಂಡೆತ್ತಿ ಬಂದು, ಉಣ್ಣೆ ವ್ಯಾಪಾರದ ದೊಡ್ಡ ಬಂದರಾಗಿದ್ದ ಬೆರಿಕ್ ಪಟ್ಟಣದಲ್ಲಿ ಕೊಲೆ ಸುಲಿಗೆ ನಡೆಸಿದ. ಬೇಲಿಯಲ್‌ನ ಅಂಗಿಯ ಮೇಲಿನ ರಾಜಲಾಂಛನವನ್ನು ಕಿತ್ತುಹಾಕಿದರು. ಸ್ಕಾಟರು ಇವತ್ತಿಗೂ ಅವನನ್ನು 'ಖಾಲಿ ಅಂಗಿ' ಎಂದೇ ಕರೆಯುತ್ತಾರೆ. ರಾಜರ ಪಟ್ಟಾಭಿಷೇಕದ ಕಲ್ಲನ್ನೂ ಎಡ್ವರ್ಡ್ ಲಂಡನ್ನಿಗೆ ಸಾಗಿಸಿದ. ಮರುವರ್ಷ ಎರಡು ಕಡೆ ಕಿಡಿ ಹತ್ತಿತು. ದಕ್ಷಿಣದಲ್ಲಿ ವಾಲೇಸ್ ಲ್ಯಾನಾರ್ಕಿನ ಇಂಗ್ಲಿಷ್ ಅಧಿಕಾರಿಯನ್ನು ಕೊಂದ. ಉತ್ತರದಲ್ಲಿ ಆ್ಯಂಡ್ರೂ ಮರೇ ಎಂಬ ತರುಣ ಪ್ರಭು ಕೋಟೆಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಈ ಮರೇ ಸಿನಿಮಾದಲ್ಲಿ ಇಲ್ಲ. ಸೇತುವೆಯ ಜೊತೆಗೆ ಸೇನಾನಿಯೊಬ್ಬನೂ ಕಾಣೆ!

ಈಗ ಸೇತುವೆಗೆ ಬರೋಣ. ದಿನಾಂಕ 1297ರ ಸೆಪ್ಟೆಂಬರ್ 11. ಸ್ಟರ್ಲಿಂಗ್ ಬಳಿ ಫೋರ್ತ್ ನದಿ ಹಾವಿನಂತೆ ಬಳಸಿ ಹರಿಯುತ್ತದೆ. ಸುತ್ತ ಜೌಗು ನೆಲ. ಉತ್ತರಕ್ಕೆ ಹೋಗುವ ಸೇನೆ ಇಲ್ಲೇ ದಾಟಬೇಕು. ದಾಟಲು ಇದ್ದದ್ದು ಇಬ್ಬರು ಸವಾರರು ಅಕ್ಕಪಕ್ಕ ಹೋಗಬಹುದಾದಷ್ಟು ಅಗಲದ ಮರದ ಸೇತುವೆ. ಆಚೆ ದಡದ ಗುಡ್ಡದ ಬಳಿ ವಾಲೇಸ್ ಮತ್ತು ಮರೇ ಕಾಯುತ್ತಿದ್ದರು.

ಇಂಗ್ಲಿಷ್ ಪಾಳೆಯದಲ್ಲಿ ಏನಾಯಿತು ಎಂಬುದನ್ನು ಬರೆದಿಟ್ಟವನು ಯಾರ್ಕ್‌ಷೈರಿನ ಗಿಸ್ಬರೋ ಮಠದ ವಾಲ್ಟರ್. ಬೆಳಗ್ಗೆ ಒಂದಷ್ಟು ಕಾಲಾಳುಗಳು ಸೇತುವೆ ದಾಟಿದರಂತೆ. ದಂಡನಾಯಕ ಸರ್ರೆಯ ಅರ್ಲ್ ಇನ್ನೂ ನಿದ್ದೆಯಿಂದ ಎದ್ದಿರಲಿಲ್ಲವಾದ್ದರಿಂದ ವಾಪಸು ಬಂದರಂತೆ. ರಿಚರ್ಡ್ ಲಂಡಿ ಎಂಬ ಯೋಧ ಹೇಳಿದನಂತೆ: ಹತ್ತಿರದಲ್ಲಿ ಅರವತ್ತು ಮಂದಿ ಸಾಲಾಗಿ ದಾಟಬಹುದಾದ ಕಡವಿದೆ, ನನಗೆ ಸ್ವಲ್ಪ ಪಡೆ ಕೊಡಿ, ಹಿಂದಿನಿಂದ ಬಂದು ಬೀಳುತ್ತೇನೆ. ಬೇಡ ಎಂದವನು ಖಜಾಂಚಿ ಕ್ರೆಸಿಂಗ್‌ಹ್ಯಾಮ್. ಯುದ್ಧ ಎಳೆದಷ್ಟೂ ದೊರೆಯ ದುಡ್ಡು ದಂಡ, ನೇರ ಸೇತುವೆ ಮೇಲೇ ನಡೆಯಿರಿ ಎಂದು ಅವಸರಪಡಿಸಿದ.

ನಡೆದರು. ಇಬ್ಬಿಬ್ಬರಾಗಿ. ಗುಡ್ಡದ ಮೇಲಿದ್ದವರು ನೋಡುತ್ತಾ ನಿಂತರು. ಪೂರ್ತಿ ಸೇನೆ ದಾಟಿದ್ದರೆ ಸ್ಕಾಟರ ಕೈಯಲ್ಲಿ ಆಗುತ್ತಿರಲಿಲ್ಲ. ಯಾರೂ ದಾಟದಿದ್ದರೆ ಹೊಡೆಯಲು ಯಾರೂ ಸಿಗುತ್ತಿರಲಿಲ್ಲ. ತಾವು ಮುರಿಯಬಹುದಾದಷ್ಟು ಜನ ಈಚೆ ಬಂದರು ಎನ್ನುವ ಗಳಿಗೆಗೆ ಈಟಿಗಾರರು ಇಳಿದರು. ಒಂದು ಪಡೆ ಸೇತುವೆಯ ಬಾಯಿಗೇ ಹೋಗಿ ನಿಂತಿತು. ದಾಟಿದವರಿಗೆ ಹಿಂದೆ ಹೋಗಲು ದಾರಿಯಿಲ್ಲ, ಆಚೆ ಇದ್ದವರಿಗೆ ನೆರವಿಗೆ ಬರಲು ದಾರಿಯಿಲ್ಲ. ಹಸಿ ನೆಲದಲ್ಲಿ ಕುದುರೆಗಳ ಕಾಲು ಹೂತವು. ಕ್ರೆಸಿಂಗ್‌ಹ್ಯಾಮ್ ಅಲ್ಲೇ ಸತ್ತ. ಅರ್ಲ್ ಸೇತುವೆ ಕೆಡವಿಸಿ ಬೆರಿಕ್ ಕಡೆಗೆ ಓಡಿದ. ಮರೇಗೆ ಆದ ಗಾಯ ಮಾಯಲಿಲ್ಲ. ಸ್ವಲ್ಪ ಕಾಲದಲ್ಲೇ ತೀರಿಕೊಂಡ.

ಸಿನಿಮಾದ ಆರಂಭದಲ್ಲಿ ನಿರೂಪಕ ಒಂದು ಮಾತು ಹೇಳುತ್ತಾನೆ: ಇಂಗ್ಲೆಂಡಿನ ಚರಿತ್ರೆಕಾರರು ನನ್ನನ್ನು ಸುಳ್ಳ ಎನ್ನುತ್ತಾರೆ, ವೀರರನ್ನು ಗಲ್ಲಿಗೇರಿಸಿದವರೇ ಚರಿತ್ರೆ ಬರೆದದ್ದು ಎಂಬ ಅರ್ಥದ ಮಾತು. ಆದರೆ ವಾಲೇಸನ ಅತಿ ದೊಡ್ಡ ಗೆಲುವಿನ ವಿವರ ನಮಗೆ ಸಿಕ್ಕಿರುವುದು ಇಂಗ್ಲಿಷ್ ಮಠದವನ ಲೇಖನಿಯಿಂದ. ತನ್ನವರ ಪೆದ್ದುತನವನ್ನು ಅವನು ಮುಚ್ಚಿಡಲಿಲ್ಲ. ಸೇತುವೆಯನ್ನು ಅವನು ಉಳಿಸಿಕೊಟ್ಟ. ಕಳೆದದ್ದು ವಾಲೇಸನನ್ನು ಮೆರೆಸಲು ಹೊರಟ ಸಿನಿಮಾ.

ಇನ್ನೊಂದು ಸಾಕ್ಷಿ ವಾಲೇಸನದೇ. ಯುದ್ಧವಾಗಿ ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 11ರಂದು, ಹ್ಯಾಡಿಂಗ್ಟನ್ ಎಂಬ ಊರಿನಿಂದ ಮರೇ ಮತ್ತು ವಾಲೇಸ್ ಹೆಸರಿನಲ್ಲಿ ಜರ್ಮನಿಯ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ಪಟ್ಟಣಗಳಿಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪತ್ರ ಹೋಯಿತು. ಅದರಲ್ಲಿ ವೀರಾವೇಶವಿಲ್ಲ. ಸ್ಕಾಟ್ಲೆಂಡ್ ರಾಜ್ಯ ಯುದ್ಧದಿಂದ ಇಂಗ್ಲಿಷರ ಕೈ ತಪ್ಪಿಸಿಕೊಂಡಿದೆ, ನಿಮ್ಮ ವರ್ತಕರು ನಮ್ಮ ಬಂದರುಗಳಿಗೆ ನಿರ್ಭಯವಾಗಿ ಸರಕು ತರಬಹುದು ಎಂಬ ತಿಳಿವಳಿಕೆ. ಕೊನೆಗೆ, ನಮ್ಮ ಇಬ್ಬರು ವರ್ತಕರ ಕೆಲಸಕ್ಕೆ ನೆರವಾಗಿ ಎಂಬ ಕೋರಿಕೆ. ಬೆರಿಕ್ ಸುಲಿಗೆಯಾಗಿ ಒಂದೂವರೆ ವರ್ಷವಾಗಿತ್ತು. ದೇಶ ಗೆದ್ದರೆ ಸಾಲದು, ಉಣ್ಣೆ ಮಾರಬೇಕು, ಹಡಗು ಬರಬೇಕು.

ಪತ್ರಕ್ಕೆ ತೂಗುಬಿದ್ದ ಅರಗಿನ ಮುದ್ರೆ ಇನ್ನೂ ಕುತೂಹಲಕರ. ಒಂದು ಬದಿಗೆ ಸ್ಕಾಟ್ಲೆಂಡಿನ ಸಿಂಹ. ಇನ್ನೊಂದು ಬದಿಗೆ ಹೆದೆಯೇರಿಸಿದ ಬಿಲ್ಲು, ಸುತ್ತಲೂ ಅಕ್ಷರ: ಅಲನ್‌ನ ಮಗ ವಿಲಿಯಂ. ಸಿನಿಮಾದಲ್ಲಿ ವಾಲೇಸನ ಕೈಯಲ್ಲಿರುವುದು ಆಳುದ್ದದ ಕತ್ತಿ, ಅಪ್ಪನ ಹೆಸರು ಮಾಲ್ಕಂ. ಮುದ್ರೆ ಎರಡನ್ನೂ ಒಪ್ಪುವುದಿಲ್ಲ.

ಸಿನಿಮಾದ ಉಳಿದ ತಪ್ಪುಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಮುಖಕ್ಕೆ ನೀಲಿ ಬಳಿಯುವುದು ವಾಲೇಸನಿಗೆ ಸಾವಿರ ವರ್ಷ ಹಿಂದಿನವರ ರೂಢಿ. ಸ್ಕಾಟರು ಸುತ್ತಿಕೊಂಡ ನೆರಿಗೆಯ ಉಡುಪು ಅವನಿಗೆ ಸುಮಾರು ಮುನ್ನೂರು ವರ್ಷ ಈಚಿನದು. ಮದುಮಗಳನ್ನು ಮೊದಲ ರಾತ್ರಿ ಒಡೆಯನ ಮನೆಗೆ ಕಳಿಸುವ ಕಾನೂನಿಗೆ ಆಧಾರವೇ ಇಲ್ಲ. ವಾಲೇಸನನ್ನು ಮೋಹಿಸುವ ರಾಜಕುಮಾರಿ ಇಸಬೆಲ್ಲಾ, ಅವನು ಸಾಯುವಾಗ ಫ್ರಾನ್ಸಿನಲ್ಲಿದ್ದ ಹತ್ತು ವರ್ಷದ ಆಸುಪಾಸಿನ ಹುಡುಗಿ. ಅವಳ ಮದುವೆಯಾದದ್ದು 1308ರಲ್ಲಿ. 'ಬ್ರೇವ್‌ಹಾರ್ಟ್', ಅಂದರೆ 'ಧೀರ ಹೃದಯ', ಎಂಬ ಹೆಸರೂ ಎರವಲಿನದು. ಮುಂದೆ ಸ್ಕಾಟ್ಲೆಂಡಿನ ರಾಜನಾದ ರಾಬರ್ಟ್ ಬ್ರೂಸ್ ಸತ್ತ ಮೇಲೆ ಅವನ ಹೃದಯವನ್ನು ಧರ್ಮಯುದ್ಧಕ್ಕೆ ಒಯ್ದ ಕಥೆಯಿಂದ ಬಂದ ಕೀರ್ತಿ ಅದು. 1314ರಲ್ಲಿ ಬ್ಯಾನಕ್‌ಬರ್ನ್ ಬಯಲಲ್ಲಿ ಗೆದ್ದ ಆ ಬ್ರೂಸ್‌ನನ್ನೇ ಸಿನಿಮಾ ಚಂಚಲನಾಗಿ ತೋರಿಸುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಹಾಲಿವುಡ್ಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಿತ್ರಕಥೆ ಬರೆದ ರ್‍ಯಾಂಡಲ್ ವಾಲೇಸ್ ನೆಚ್ಚಿಕೊಂಡದ್ದು ಕುರುಡ ಹ್ಯಾರಿ ಎಂಬ ಕವಿಯ ದೀರ್ಘ ಕಥನಕಾವ್ಯವನ್ನು. ಅದು ಹುಟ್ಟಿದ್ದು 1470ರ ದಶಕದಲ್ಲಿ, ವಾಲೇಸ್ ಸತ್ತು ನೂರೆಪ್ಪತ್ತು ವರ್ಷದ ಮೇಲೆ. ಸ್ಕಾಟ್ಲೆಂಡಿನ ಮನೆಮನೆಯಲ್ಲಿ ಶತಮಾನಗಳ ಕಾಲ ಅದನ್ನು ಓದಿದರು, ಕೇಳಿದರು. ಅಪ್ಪ ಮಾಲ್ಕಂ ಆದದ್ದು ಅಲ್ಲಿ. ಹೆಂಡತಿಯ ಕೊಲೆಯ ಕಥೆಯೂ ಅಲ್ಲಿಯದೇ. ಗಿಬ್ಸನ್ ಹಳೆಯ ಹಾಡಿಗೆ ಕುದುರೆ, ಕ್ಯಾಮೆರಾ ಜೋಡಿಸಿದ.

ಜನ ಸಿನಿಮಾವನ್ನು ಎಷ್ಟು ನಂಬಿದರೆಂದರೆ, ಸ್ಟರ್ಲಿಂಗ್ ಹತ್ತಿರದ ವಾಲೇಸ್ ಸ್ಮಾರಕದ ಬುಡದಲ್ಲಿ 1997ರಲ್ಲಿ ಒಂದು ಕಲ್ಲಿನ ವಿಗ್ರಹ ನಿಂತಿತು. ಹೆಸರು 'ಸ್ವಾತಂತ್ರ್ಯ'. ಮುಖ ಮಾತ್ರ ಮೆಲ್ ಗಿಬ್ಸನ್‌ನದು. ಕೆಲವರಿಗೆ ಸಿಟ್ಟು ಬಂತು, ವಿಗ್ರಹಕ್ಕೆ ಏಟು ಬಿತ್ತು. ಕಾಪಾಡಲು ಅದರ ಸುತ್ತ ಕಬ್ಬಿಣದ ಪಂಜರ ಕಟ್ಟಬೇಕಾಯಿತು. ಸ್ವಾತಂತ್ರ್ಯ ಪಂಜರದೊಳಗೆ!

ಕೇಳುಗರೇ, ವೇಷಭೂಷಣದ ತಪ್ಪುಗಳನ್ನು ನಾನು ಕ್ಷಮಿಸಬಲ್ಲೆ. ಸೇತುವೆಯ ತಪ್ಪನ್ನು ಕ್ಷಮಿಸಲಾರೆ. ಸೇತುವೆ ತೆಗೆದಾಗ ಬಯಲಲ್ಲಿ ಉಳಿದದ್ದು ಎದೆಗಾರಿಕೆ ಮಾತ್ರ. ನೆಲ ನೋಡುವ ಕಣ್ಣು, ಕಾಯುವ ತಾಳ್ಮೆ, ಜೊತೆಗಾರನ ಪಾಲು, ಎಲ್ಲ ಹೋದವು. ಬರೀ ಎದೆಗಾರಿಕೆಯಿಂದ ಏನಾಗುತ್ತದೆ ಎಂಬುದು ಆ ಗೆಲುವಿನ ಮರುವರ್ಷವೇ ಗೊತ್ತಾಯಿತು. 1298ರ ಜುಲೈನಲ್ಲಿ ಫಾಲ್ಕರ್ಕ್ ಬಯಲಲ್ಲಿ ನದಿಯೂ ಇರಲಿಲ್ಲ, ಸೇತುವೆಯೂ ಇರಲಿಲ್ಲ. ಸ್ಕಾಟರ ಈಟಿಯ ವರ್ತುಲಗಳನ್ನು ಎಡ್ವರ್ಡ್‌ನ ಬಿಲ್ಲುಗಾರರು ದೂರದಿಂದಲೇ ಒಡೆದರು. ಏಳು ವರ್ಷದ ಮೇಲೆ, 1305ರ ಆಗಸ್ಟ್ 23ರಂದು, ಲಂಡನ್ನಿನಲ್ಲಿ ವಾಲೇಸನನ್ನು ಕೊಂದರು.

ಸ್ಟರ್ಲಿಂಗ್ ಸೇತುವೆಯ ಯುದ್ಧಕ್ಕೆ ಏಳುನೂರು ವರ್ಷ ತುಂಬಿದ ದಿನ, 1997ರ ಸೆಪ್ಟೆಂಬರ್ 11ರಂದು, ತಮ್ಮದೇ ಸಂಸತ್ತು ಬೇಕೇ ಎಂದು ಸ್ಕಾಟ್ಲೆಂಡಿನ ಜನರನ್ನು ಕೇಳಲಾಯಿತು. ನೂರಕ್ಕೆ ಎಪ್ಪತ್ತನಾಲ್ಕು ಮತಗಳು ಬೇಕು ಎಂದವು. 2012ರಲ್ಲಿ ಆ ಸಂಸತ್ ಭವನದಲ್ಲಿ ಜನ ನೋಡಲೆಂದು ಒಂದು ಹಳೆಯ ಕಾಗದವನ್ನು ಇಟ್ಟರು. ಹಡಗುಗಳು ಬರಲಿ ಎಂದು ಲ್ಯೂಬೆಕ್‌ಗೆ ಬರೆದ ಅದೇ ಪತ್ರ.