ಸರಿ-ತಪ್ಪು: ಅಭಿಪ್ರಾಯವೋ, ಅರಿವೋ?



ಪರಿಸರದ ಪ್ರಶ್ನೆ ಎದ್ದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಸರಿ-ತಪ್ಪು ಎಂಬುದು ಅವರವರ ದೃಷ್ಟಿ. ಒಬ್ಬರಿಗೆ ಕಾಡು ದೊಡ್ಡದು, ಇನ್ನೊಬ್ಬರಿಗೆ ಉತ್ಪಾದನೆ ದೊಡ್ಡದು. ಇದರಲ್ಲಿ ಸತ್ಯವೆಂಬುದು ಎಲ್ಲಿದೆ?’ ಮೇಲ್ನೋಟಕ್ಕೆ ಇದು ವಿನಯದ ಮಾತು. ಆದರೆ ಒಬ್ಬನ ಕೈಯಲ್ಲಿ ಯಂತ್ರವೂ ಅಧಿಕಾರವೂ ಇದ್ದು, ಇನ್ನೊಬ್ಬನ ಕೈಯಲ್ಲಿ ದೂರಿನ ಅರ್ಜಿ ಮಾತ್ರ ಇರುವಾಗ ಎಲ್ಲ ದೃಷ್ಟಿಗಳೂ ಸಮಾನ ಎಂದರೆ ಯಂತ್ರದ್ದೇ ಗೆಲುವು. ಆದುದರಿಂದ ಈ ಪ್ರಶ್ನೆ ತತ್ತ್ವಶಾಸ್ತ್ರದ ತರಗತಿಗಷ್ಟೇ ಸೇರಿದ್ದಲ್ಲ. ಜನರ ಬಾಳಿಗೆ ಸೇರಿದ್ದು.

ಕಾಸರಗೋಡಿನ ಉದಾಹರಣೆಯನ್ನೇ ನೋಡಬಹುದು. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ 4,500 ಹೆಕ್ಟೇರಿಗೂ ಮಿಕ್ಕ ಗೇರುತೋಟಗಳಲ್ಲಿ ಟೀ ಸೊಳ್ಳೆಯ ಹತೋಟಿಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ. ಮನೆ, ಬಾವಿ, ಶಾಲೆಗಳು ಅದರ ಮಗ್ಗುಲಲ್ಲಿ ಮತ್ತು ಕೆಳಗೆ. ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಎಚ್ಚರಿಸಿ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಅಸಹಜವಾದ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗುರುತಿಸಿದರು. ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು.

ಇಲ್ಲಿ ಎರಡು ಪ್ರಶ್ನೆಗಳಿವೆ. ಅವನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು, ಈ ವಿಷದಿಂದ ರೋಗ ಬಂದಿತೇ ಎಂಬುದು. ಇದು ವಿಜ್ಞಾನದ ಪ್ರಶ್ನೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸಿಂಪಡಣೆಗೆ ಒಳಗಾದ ಊರಿನ ಗಂಡುಮಕ್ಕಳಲ್ಲಿ ಪ್ರೌಢತೆ ತಡವಾಗುತ್ತಿದ್ದುದನ್ನು 2003ರಲ್ಲಿ ಪ್ರಕಟಿಸಿದರು. ಸಂಬಂಧ ಸಾಬೀತಾಗಿಲ್ಲ ಎಂದ ಸಮಿತಿಗಳೂ ಇದ್ದವು. ಎರಡನೆಯ ಪ್ರಶ್ನೆ, ಜನರನ್ನು ಕೇಳದೆ ಅವರ ಬಾವಿಯ ಮೇಲೆ ವಿಷ ಸುರಿಸುವುದು ತಪ್ಪೇ ಎಂಬುದು. ಮೊದಲನೆಯದರ ಚರ್ಚೆ ಮುಗಿಯುವ ತನಕ ಎರಡನೆಯದಕ್ಕೆ ಉತ್ತರವಿಲ್ಲ ಎಂದು ವರ್ಷಗಟ್ಟಲೆ ನಂಬಿಸಲಾಯಿತು. ವಾಸ್ತವದಲ್ಲಿ ಎರಡನೆಯದು ಅಷ್ಟು ಕಷ್ಟದ್ದಲ್ಲ. ವಿಮಾನದಿಂದ ಸಿಂಪಡಿಸುವ ಮುನ್ನ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ-ಜಾನುವಾರು ಅಲ್ಲಿಗೆ ಬಾರದಂತೆ ತಡೆಯಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಅಪಾಯವಿದೆಯೆಂದು ತಿಳಿದೇ ಬರೆದ ನಿಯಮವದು. ಆದರೆ ಆ ಪ್ರದೇಶದೊಳಗೇ ಮನೆಯಿರುವವನನ್ನು ಎಲ್ಲಿಗೆ ತಡೆಯುವುದು?

ಇದಕ್ಕೆ ತತ್ತ್ವಜ್ಞಾನಿಗಳ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ‘ಇದೆ’ ಎಂಬುದರಿಂದ ‘ಮಾಡಬೇಕು’ ಎಂಬುದು ತಾನಾಗಿ ಹೊರಡುವುದಿಲ್ಲ ಎಂದು ಡೇವಿಡ್ ಹ್ಯೂಮ್ ಹದಿನೆಂಟನೆಯ ಶತಮಾನದಲ್ಲೇ ತೋರಿಸಿದ. ಇದು ಒಪ್ಪತಕ್ಕ ಮಾತು. ನೀರಿನಲ್ಲಿ ವಿಷದ ಅಂಶ ಇಷ್ಟಿದೆ ಎಂಬ ಪ್ರಯೋಗಾಲಯದ ವರದಿ, ಸಿಂಪಡಣೆ ನಿಲ್ಲಿಸಿ ಎಂದು ತಾನೇ ಹೇಳುವುದಿಲ್ಲ. ಅದರ ಜೊತೆಗೆ ಇನ್ನೊಂದು ಮಾತು ಸೇರಬೇಕು: ಮಗುವಿನ ನೋವು, ಆ ನೋವನ್ನು ಉಂಟುಮಾಡದಿರಲು ಒಂದು ಕಾರಣ. ಈ ಮಾತನ್ನು ತನ್ನ ಮಗುವಿನ ವಿಷಯದಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ನೆರೆಯವನ ಮಗುವಿಗೆ ಇದು ಅನ್ವಯಿಸದು ಎನ್ನುವವನು ಎರಡು ಮಕ್ಕಳ ನೋವಿನ ನಡುವೆ ಇರುವ ಅಂತರವನ್ನು ತೋರಿಸಿಕೊಡಬೇಕಾಗುತ್ತದೆ. ಅದು ಯಾರಿಂದಲೂ ಆಗಿಲ್ಲ.

ಸಮಾಜದಿಂದ ಸಮಾಜಕ್ಕೆ ನೀತಿ ಬದಲಾಗುತ್ತದೆ, ವಸ್ತುನಿಷ್ಠ ಮೌಲ್ಯವೆಂಬುದೇ ಇಲ್ಲ ಎಂದು ಜೆ.ಎಲ್. ಮ್ಯಾಕಿ 1977ರಲ್ಲಿ ವಾದಿಸಿದ. ಭಿನ್ನಾಭಿಪ್ರಾಯವಿದೆ, ನಿಜ. ಆದರೆ ಅಷ್ಟರಿಂದ ಉತ್ತರವೇ ಇಲ್ಲವೆಂದಾಗದು. ಅಸ್ಪೃಶ್ಯತೆಯನ್ನು ಧರ್ಮವೆಂದೇ ಬಹುಜನ ನಂಬಿದ್ದ ಕಾಲವಿತ್ತು. 1927ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟಿದ ಅಂಬೇಡ್ಕರ್ ಮತ್ತವರ ಸಂಗಡಿಗರು ಎಣಿಕೆಯಲ್ಲಿ ಅಲ್ಪರು. ಬಹುಮತವೇ ಸತ್ಯವಾದರೆ ಅಂದು ಅವರದೇ ತಪ್ಪು. ಸಂವಿಧಾನದ 17ನೆಯ ವಿಧಿ ಬಂದ ದಿನ ಅದು ಇದ್ದಕ್ಕಿದ್ದಂತೆ ಸರಿಯಾಯಿತು ಎನ್ನಬೇಕಾದೀತು. ಹಾಗೆ ಯಾರೂ ತಿಳಿಯುವುದಿಲ್ಲ. ಅವರು ಮೊದಲೇ ಸರಿಯಿದ್ದರು, ಸಮಾಜ ತಡವಾಗಿ ಕಲಿಯಿತು. ‘ಕಲಿಯಿತು’ ಎಂಬ ಪದಕ್ಕೆ ಅರ್ಥವಿರಬೇಕಾದರೆ ಕಲಿಯತಕ್ಕದ್ದು ಏನೋ ಇರಲೇಬೇಕು.

ಮಣ್ಣಿನ ಹುಳಿತನವೂ ಹೀಗೆಯೇ. ಅದನ್ನು ಅಳೆಯುವ ಪಿಹೆಚ್ ಮಾಪಕವನ್ನು ಸೋರೆನ್‌ಸೆನ್ ರೂಪಿಸಿದ್ದು 1909ರಲ್ಲಿ. ಅದಕ್ಕೂ ಮುಂಚೆ ಮಲೆನಾಡಿನ ಮಣ್ಣು ಹುಳಿಯಾಗಿಯೇ ಇತ್ತು; ಬೆಳೆಯ ಸ್ಥಿತಿ ನೋಡಿ, ಸುಣ್ಣ ಹಾಕಿ, ತಪ್ಪಿ, ತಿದ್ದಿಕೊಂಡು ರೈತರು ಅದನ್ನು ಅರಿತರು. ನೀತಿಯನ್ನು ಅಳೆಯುವ ಉಪಕರಣವಿಲ್ಲ, ಇದು ಎರಡರ ನಡುವಿನ ದೊಡ್ಡ ವ್ಯತ್ಯಾಸ. ಆದರೆ ಪರೀಕ್ಷೆಯ ದಾರಿಯುಂಟು. ನಷ್ಟ ಅನುಭವಿಸುವವನ ಎದುರು ನಿಂತು ಕಾರಣ ಹೇಳಲು ಸಾಧ್ಯವೇ? ಅವನ ಜಾಗದಲ್ಲಿದ್ದರೆ ಆ ಕಾರಣವನ್ನು ಒಪ್ಪಲು ಸಾಧ್ಯವೇ? ಗೇರಿನ ಇಳುವರಿ, ಕೂಲಿಯವರ ದುಡಿಮೆ ಇವೆಲ್ಲ ನಿಜವಾದ ಕಾರಣಗಳೇ. ಆದರೆ ಹಾಸಿಗೆ ಹಿಡಿದ ಮಗುವಿನ ತಾಯಿಯ ಮುಂದೆ ಅವು ನಿಲ್ಲಲಾರವು.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮರುತಿಂಗಳು ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು. ಸಿಂಪಡಣೆ ತಪ್ಪಾದದ್ದು ಈ ಆದೇಶಗಳಿಂದಲ್ಲ. ತಪ್ಪಾಗಿದ್ದುದರಿಂದ ಈ ಆದೇಶಗಳು ಬೇಕಾದವು.

ಇಷ್ಟನ್ನು ಒಪ್ಪಿದ ಮೇಲೆ ಪರಿಸರ ಚಳವಳಿಗೂ ಬಿಡುಗಡೆಯಿಲ್ಲ. ಹುಲಿಯ ಹೆಸರಿನಲ್ಲಿ ಕಾಡಿನ ಜನರನ್ನು ಕೇಳದೆ ಎಬ್ಬಿಸಿದರೆ ಅದೂ ಇದೇ ತಪ್ಪು. 2006ರ ಅರಣ್ಯ ಹಕ್ಕು ಕಾಯ್ದೆ ಬಂದದ್ದು ಅಂಥ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸಲೆಂದೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿ, ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವ ತೋಟದವನಿಗೂ ಪ್ರಶ್ನೆ ಅದೇ. ತಾಮ್ರ ಮೀನಿಗೆ ವಿಷ. ಹಳ್ಳದ ಕೆಳಗೆ ಇನ್ನೊಂದು ಮನೆಯಿದೆ, ಆ ಮನೆಯವರನ್ನು ಕೇಳಿದವರು ಯಾರು? ಮಳೆಗಾಲದ ಸಿಂಪಡಣೆ ಶುರುವಾಗುವ ಮೊದಲೇ ಪ್ರತಿ ಊರಿನಲ್ಲೂ ಮೇಲಿನ ತೋಟದವರು, ಕೆಳಗಿನ ಮನೆಯವರು ಒಟ್ಟಿಗೆ ಕುಳಿತು ಇದನ್ನು ಮಾತನಾಡಬೇಕು. ಸರಿ ಯಾವುದೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ.