ದಿನಕ್ಕೆ ಒಂದು ಮಿಲಿಮೀಟರ್: ಕೂಡದ ಮೂಳೆ, ನಿಲ್ಲದ ಕೀವು

ಇವತ್ತು ಕೋಡ್ ವಿಷಯ ಇಲ್ಲ, ಕಾಲಿನ ವಿಷಯ.

ವಡೋದರಾದ ಗೋರ್ವಾದಲ್ಲಿ ನಮ್ಮ ಯಾದಗಿರಿ ಕಡೆಯ ಹುಡುಗನೊಬ್ಬ ಕಾರ್ಖಾನೆ ಫಿಟ್ಟರ್. ರಜೆ ದಿನ ಬೈಕ್‌ನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಚರ್ಮ ಹರಿದು ಹೊರಗೆ ಬಂತು. ರಾಡ್ ಹಾಕಿದ್ರು. ಹತ್ತು ತಿಂಗಳಾದ್ರೂ ಮೂಳೆ ಕೂಡಿರಲಿಲ್ಲ, ಸಣ್ಣ ತೂತಿನಿಂದ ಕೀವು ಸೋರ್ತಾನೇ ಇತ್ತು. ಒಬ್ಬ ಡಾಕ್ಟರು ಮಾತ್ರೆ ಬದಲಾಯಿಸ್ತಾ ಹೋದ್ರು, ಇನ್ನೊಬ್ಬರು ಕಾಲು ತೆಗೆಯೋ ಮಾತಾಡಿದ್ರು. "ಅಣ್ಣಾ, ನೀವು ಓದಿದವ್ರು, ಏನ್ ಮಾಡ್ಲಿ ಹೇಳ್ರಿ" ಅಂದ. ನನ್ನದು ಎಂಟೆಕ್, ವೈದ್ಯಕೀಯ ಅಲ್ಲ. ಆದ್ರೂ ಕೂತು ಓದಿದೆ, ಅವನ ಜೊತೆ ಮೂರನೇ ಸರ್ಜನ್ ಹತ್ರ ಹೋದೆ.

ಬರೀ ಮಾತ್ರೆಯಿಂದ ಯಾಕೆ ವಾಸಿಯಾಗಲ್ಲ? ರಾಡ್ ಮೇಲೆ, ಸತ್ತ ಮೂಳೆ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡು ಕೂತಿರ್ತವೆ. ಸತ್ತ ಮೂಳೆಗೆ ರಕ್ತ ಹೋಗಲ್ಲ. ರಕ್ತ ಹೋಗದ ಕಡೆ ಔಷಧಿಯೂ ಹೋಗಲ್ಲ. ಅದರಲ್ಲೂ ಈ ಮೂಳೆಯ ಮುಂಭಾಗದಲ್ಲಿ ಮಾಂಸವೇ ಇಲ್ಲ, ಬರೀ ಚರ್ಮ. ಹಾಗಾಗಿ ಮೊದಲ ಕೆಲಸ ರಾಡ್ ತೆಗೆದು, ರಕ್ತ ಜಿನುಗುವ ಜೀವಂತ ಮೂಳೆ ಸಿಗೋವರೆಗೂ ಸತ್ತದ್ದನ್ನು ಕತ್ತರಿಸೋದು. ಒಳಗಿನಿಂದ ತೆಗೆದ ಚೂರುಗಳನ್ನು ಕಲ್ಚರ್‌ಗೆ ಕಳಿಸಿ, ಯಾವ ಔಷಧಿ ಅಂತ ಆಮೇಲೆ ತೀರ್ಮಾನ. ಈ ಹೆಜ್ಜೆಯಲ್ಲಿ ಕೈ ಬಿಗಿ ಹಿಡಿದ್ರೆ ಮುಂದಿನದೆಲ್ಲ ದಂಡ.

ಕತ್ತರಿಸಿದ ಮೇಲೆ ನಡುವೆ ಖಾಲಿ ಜಾಗ. ಇವನಿಗೆ ನಾಲ್ಕು ಸೆಂಟಿಮೀಟರ್. ಅದನ್ನು ತುಂಬೋ ಉಪಾಯ ಕಂಡುಹಿಡಿದದ್ದು ಸೈಬೀರಿಯಾದ ಕುರ್ಗಾನ್‌ನ ಡಾಕ್ಟರ್ ಗವ್ರಿಲ್ ಇಲಿಝರೋವ್, 1950ರ ದಶಕದಲ್ಲಿ. ಕಾಲಿನ ಸುತ್ತ ಲೋಹದ ರಿಂಗ್, ಮೂಳೆಯ ಮೂಲಕ ಬಿಗಿಯಾದ ತಂತಿ. ಮೂಳೆಯನ್ನು ಆರೋಗ್ಯವಾಗಿರೋ ಕಡೆ ಅಡ್ಡಕ್ಕೆ ಕುಯ್ದು, ಸುಮಾರು ಒಂದು ವಾರ ಬಿಟ್ಟು, ಆ ತುಂಡನ್ನು ಖಾಲಿ ಜಾಗದ ಕಡೆಗೆ ನಿಧಾನವಾಗಿ ಸರಿಸೋದು. ದಿನಕ್ಕೆ ಒಂದು ಮಿಲಿಮೀಟರ್, ಅದೂ ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ತಾನೇ ಹುಟ್ಟುತ್ತೆ! 1964ರ ಒಲಿಂಪಿಕ್ ಚಿನ್ನ ಗೆದ್ದ ಎತ್ತರ ಜಿಗಿತದ ವಲೇರಿ ಬ್ರುಮೆಲ್ ಮರುವರ್ಷ ಮೋಟರ್‌ಸೈಕಲ್ ಅಪಘಾತದಲ್ಲಿ ಕಾಲು ಮುರ್ಕೊಂಡು, ಹಲವು ಆಪರೇಷನ್ ಸೋತ ಮೇಲೆ ಹೋದದ್ದು ಇವರ ಹತ್ರಾನೇ.

ಫಿಟ್ಟರ್‌ಗೆ ನಟ್ಟು ತಿರುಗಿಸೋದು ಹೇಳಿಕೊಡಬೇಕಾ? ಆದ್ರೆ ಲೆಕ್ಕ ಕೇಳಿ. ಸರಿಸೋಕೆ 40 ದಿನ, ಹೊಸ ಮೂಳೆ ಗಟ್ಟಿಯಾಗೋಕೆ ಇನ್ನೂ ಹಲವು ತಿಂಗಳು, ಅಲ್ಲಿವರೆಗೂ ರಿಂಗ್ ಕಾಲಲ್ಲೇ. ತಂತಿ ಹೋದ ಕಡೆ ನೋವು, ಸೋಂಕು. ತುಂಡು ಹೋಗಿ ಸೇರೋ ಜಾಗದಲ್ಲಿ ಕೆಲವೊಮ್ಮೆ ಮತ್ತೊಂದು ಆಪರೇಷನ್. ಬೀಡಿ ಬಿಡಲೇಬೇಕು. ಎಲ್ಲ ಕೇಳಿ, ಎರಡು ದಿನ ಯೋಚಿಸಿ, ಒಪ್ಪಿದ.

ಅವನಿಗೆ ನಿದ್ದೆ ಕೆಡಿಸಿದ್ದು ಸಂಬಳ. ಅವನು ಇಎಸ್‌ಐ ವಿಮೆಯವನು, ಗೋರ್ವಾದಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ. ಮಾಮೂಲಿ ಕಾಯಿಲೆ ಭತ್ಯೆ 70 ಶೇಕಡಾ, 91 ದಿನ ಮಾತ್ರ. ಆದ್ರೆ ದೀರ್ಘ ಕಾಯಿಲೆಗಳ ಪಟ್ಟಿಯೊಂದಿದೆ, ಅದರಲ್ಲಿ ಕೂಡದ ಮೂಳೆಮುರಿತವೂ ಸೇರಿದೆ. ಸರ್ವೀಸು, ವಂತಿಗೆ ಸರಿಯಿದ್ರೆ ಸಂಬಳದ 80 ಶೇಕಡಾ, ಎರಡು ವರ್ಷದವರೆಗೆ ಸಿಗಬಹುದು. ನಮಗೆ ಇಎಸ್‌ಐ ಇರಲ್ಲ; ನಮ್ಮ ಆಫೀಸಿನ ಸೆಕ್ಯುರಿಟಿಯವರಿಗೆ, ಕ್ಯಾಂಟೀನ್ ಹುಡುಗರಿಗೆ ಇರುತ್ತೆ. ಅವರಿಗೆ ಈ ಪಟ್ಟಿ ವಿಷಯ ಇವತ್ತೇ ಹೇಳಿ.